ಸ್ಟ್ರಾಬೆರಿ ವಾಸನೆಯ ರಬ್ಬರು

ಮಾರ್ಚ್ 3, ಬೆಳಿಗ್ಗೆ

ಇವತ್ತು ಶುಂಠಿ. ನಾಲ್ಕು ಬೆರಳು, ಒಂದು ಹೆಬ್ಬೆಟ್ಟು, ಹಿಮ್ಮಡಿಯಲ್ಲಿ ಒಂದು ಗಂಟು — ಥೇಟ್ ರಾಕ್ಷಸನ ಪಾದ. ಕಿಟಕಿಯ ಹತ್ತಿರ ಇಟ್ಟು ಬರೆದೆ.

ಕಾಫಿಗೆ ಮೊದಲು ಒಂದು ಚಿತ್ರ. ಈ ಕಟ್ಟಳೆ ಮೀಸೆ ಬಂದಾಗಿನಿಂದ ತಪ್ಪಿಲ್ಲ. ಅಡುಗೆಮನೆಗೆ ಹೋಗುವುದು, ಕೈಗೆ ಸಿಕ್ಕಿದ್ದು ತರುವುದು, ಬರೆಯುವುದು. ಬದನೆಕಾಯಿಯ ತೊಟ್ಟು ಮಾಟಗಾತಿ ರಾಣಿಯ ಕಿರೀಟವಾಯಿತು. ಮುರಿದ ಕೊಡೆ ಬಾವಲಿ ಸೈನ್ಯದ ರೆಕ್ಕೆಯಾಯಿತು. ಓದುವವರು ಬಾಯಿ ಬಿಟ್ಟುಕೊಂಡು ‘ಎಂಥಾ ಕಲ್ಪನೆ’ ಅನ್ನುತ್ತಾರೆ. ಕಲ್ಪನೆ ಯಾವನಿಗಿದೆ! ಕಣ್ಣಿದೆ ನನಗೆ. ಅಷ್ಟೇ.

ಕೆಳಗಿನಿಂದ ಅಕ್ಕ ಕೂಗಿದಳು.

“ಲೋ, ಶುಂಠಿ ಎಲ್ಲೋ?”

“ರಾಕ್ಷಸನ ಪಾದ ಆಗ್ತಿದೆ ಅಕ್ಕಾ.”

“ಆದ್ಮೇಲೆ ಪಾದ ತೊಳೆದು ತಂದಿಡು. ಚಹಾಕ್ಕೆ ಜಜ್ಜಬೇಕು.”

ಪೆನ್ಸಿಲ್ ಒಂದೇ. ರಬ್ಬರಿಲ್ಲ. ಜನ್ಮದಲ್ಲಿ ಮುಟ್ಟಿಲ್ಲ. ಹಳ್ಳಿ ಶಾಲೆಯಲ್ಲಿ ಇದ್ದದ್ದು ಸ್ಲೇಟು. ಬೆಳಿಗ್ಗೆ ಬರೆದ ಸಿಂಹ ಮಧ್ಯಾಹ್ನದ ಮಗ್ಗಿಗೆ ಜಾಗ ಬಿಡಬೇಕು. ಮೇಷ್ಟ್ರು ಅಂಗೈಯಿಂದ ಒರೆಸಿಬಿಡುತ್ತಿದ್ದರು — ಸಿಂಹವೂ ಹೋಯಿತು, ಅದರ ಜೊತೆ ನನ್ನ ಕಿವಿಯೂ ಕೆಂಪಾಯಿತು. ಮೊದಲ ಸಲ ಕಾಗದ ಸಿಕ್ಕ ದಿನ ಆಣೆ ಹಾಕಿದೆ. ಎಳೆದ ಗೆರೆ ಅಳಿಸುವುದಿಲ್ಲ. ತಪ್ಪಿದರೆ ತಪ್ಪಿಗೇ ಒಂದು ಬಾಲ ಬರೆ, ಮೃಗವಾಗುತ್ತದೆ. ಮೇಷ್ಟ್ರ ನಡಿಗೆಯನ್ನು ಬಿಟ್ಟೆನೇ? ನಾನು ಚಿತ್ರ ಬರೆಯುವ ಕಾದಂಬರಿಮಾಲೆಯ ಬೂದಿಬೆಟ್ಟದ ಡ್ರ್ಯಾಗನ್ ಆರು ಭಾಗಗಳಲ್ಲೂ ಮೇಷ್ಟ್ರ ಹಾಗೇ ಬಲಗಾಲು ಎಳೆದು ನಡೆಯುತ್ತದೆ.

ಏಳನೆಯ ಭಾಗದ ಹಸ್ತಪ್ರತಿ ನಿನ್ನೆ ಬಂತು. ಕೊನೆಯದು. ಡ್ರ್ಯಾಗನ್ ಸಾಯುತ್ತದೆ. ಮುಖಪುಟಕ್ಕೆ ಅದರ ಸಾವೇ ಬೇಕಂತೆ. ಹುಟ್ಟಿಸಿದವನೇ ಸಾಯಿಸಬೇಕು, ಬೇರೆ ಯಾರ ಕೈಯಲ್ಲಾಗುತ್ತದೆ?

ಮಾರ್ಚ್ 5

ಕ್ಷೌರದಂಗಡಿಗೆ ಹೋಗಿದ್ದೆ. ಕ್ಷೌರಿಕ ಕನ್ನಡಿಯ ಪಕ್ಕ ನಮ್ಮ ನಾಲ್ಕನೆಯ ಭಾಗದ ಮುಖಪುಟವನ್ನು ಕಟ್ಟು ಹಾಕಿಸಿ ಇಟ್ಟಿದ್ದಾನೆ. ಬಂದವರಿಗೆಲ್ಲ ತೋರಿಸುತ್ತಾನೆ — “ಇವ್ರು ನಮ್ಮ ಗಿರಾಕಿ.” ಅದರಲ್ಲಿರುವ ಹಂದಿಮೂತಿಯ ಕಾವಲುಗಾರ ಅವನೇ! ನನ್ನ ಕಿವಿಯ ತುದಿ ಕತ್ತರಿಸಿದ ವಾರ ಬರೆದದ್ದು. ಅದೇ ಮೂಗು, ಅದೇ ಕೆಳದುಟಿ. ಪಾಪದವನಿಗೆ ಇವತ್ತಿಗೂ ಗೊತ್ತಿಲ್ಲ. ಹೊಟ್ಟೆಯೊಳಗೇ ನಕ್ಕೆ, ಗಡ್ಡಕ್ಕೆ ಕತ್ತಿ ಇಟ್ಟಿದ್ದ.

ನನ್ನ ಸ್ಫೂರ್ತಿ ಏನು ಅಂತ ಒಮ್ಮೆ ಪತ್ರಿಕೆಯವನು ಕೇಳಿದ್ದ. ಪ್ರಕೃತಿ ಅಂದೆ. ಜಗಳ ಅಂದಿದ್ದರೆ ಅಚ್ಚು ಹಾಕುತ್ತಿದ್ದನೇ? ನನ್ನ ಮೇಲೆ ಹಲ್ಲು ಕಡಿದವರಿಗೆಲ್ಲ ಕೊಂಬು ಬರೆದುಕೊಟ್ಟಿದ್ದೇನೆ. ಮೊದಲ ಮನೆಯ ಮಾಲೀಕ — ಕೆಸರುಗುಂಡಿಯ ಕಪ್ಪೆ. ಕೆಲಸ ಬಿಡಿಸಿದ ಮುದ್ರಣಾಲಯದ ಮ್ಯಾನೇಜರ್ — ಮೂರು ಭಾಗಗಳಲ್ಲಿ ಮೂರು ಸಲ ತಲೆ ಕಡಿಸಿಕೊಂಡ ಭೂತ.

ಈ ವಿದ್ಯೆ ಗೊತ್ತಿರುವುದು ಇನ್ನೊಬ್ಬಳಿಗೆ ಮಾತ್ರ. ಅಕ್ಕನ ಮಗಳು, ಕಡ್ಡಿ. ಸಣ್ಣಗಿದ್ದಳು ಅಂತ ನಾನೇ ಇಟ್ಟ ಹೆಸರು. ಮಾತೂ ಹಾಗೇ, ಕಡ್ಡಿ ಮುರಿದ ಹಾಗೆ. ನನ್ನ ಮೇಜಿನ ಕೆಳಗೆ ಕೂತು ಕಲಿತವಳು ಈಗ ಎದುರು ಮೇಜಿನಲ್ಲಿ ಕೂತು ವಿಡಿಯೋ ಆಟದ ಕಂಪನಿಗಳಿಗೆ ದೆವ್ವ ಬರೆಯುತ್ತಾಳೆ. ಟ್ಯಾಬ್ಲೆಟ್ ಮೇಲೆ. ತಪ್ಪಿದರೆ ಒಂದು ಗುಂಡಿ ಒತ್ತುತ್ತಾಳೆ, ತಪ್ಪೇ ಆಗಿಲ್ಲ.

“ಇದೇನು ಬರೆಯೋದಾ? ಪಾತ್ರೆ ತೊಳೆಯೋದು,” ಅಂದೆ.

“ತೊಳೆದ ಪಾತ್ರೆಯಲ್ಲೇ ತಾನೇ ಮಾಮಾ ನೀನು ಉಣ್ಣೋದು.”

“ಚಿಕ್ಕವಳಿದ್ದಾಗ ನಿನ್ನ ರಬ್ಬರು ಕಿಟಕಿಯಿಂದ ಎಸೆದಿದ್ದೆ, ನೆನಪಿದೆಯಾ?”

“ಮೂರು ಎಸೆದಿದ್ದೆ. ಒಂದು ಪಕ್ಕದ ಮನೆ ಅಜ್ಜಿಯ ಸಾರಿಗೆ ಬಿದ್ದಿತ್ತು.”

ಮಾರ್ಚ್ 9, ಮಧ್ಯಾಹ್ನ

ಸಾವು ನೋಡದೆ ಸಾವು ಬರೆಯುವವನು ನಾನಲ್ಲ. ಕೋಳಿ ಅಂಗಡಿಗೆ ಹೋದೆ. ಕಸಾಯಿಯವನಿಗೆ ನಾನು ಹಳಬ, ಎರಡನೆಯ ಭಾಗದ ಉಗುರುಗಳೆಲ್ಲ ಅವನ ಅಂಗಡಿಯವು. ಮೂಲೆಯಲ್ಲಿ ಬೆಂಚು ಹಾಕಿಕೊಟ್ಟ.

ನೋಡಬೇಕಾದ್ದು ಸಿಕ್ಕಿತು. ಕುತ್ತಿಗೆ ಮೊದಲು ಸೋಲುವುದಿಲ್ಲ. ಮೊದಲು ಸೋಲುವುದು ರೆಪ್ಪೆ. ಅದೂ ನಮ್ಮ ಹಾಗೆ ಮೇಲಿನಿಂದ ಕೆಳಕ್ಕಲ್ಲ — ಕೋಳಿಯ ರೆಪ್ಪೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಬಾವಿಯಲ್ಲಿ ನೀರು ಏರಿದ ಹಾಗೆ. ಡ್ರ್ಯಾಗನ್ ಸಾಯಬೇಕಾದ್ದು ಹೀಗೆ. ಜಗತ್ತಿನಲ್ಲಿ ಯಾವನೂ ಬರೆದಿರಲಿಕ್ಕಿಲ್ಲ.

ಬರೆದೆ. ಡ್ರ್ಯಾಗನ್ನಿನ ಕಣ್ಣು, ದವಡೆ, ಕುತ್ತಿಗೆ. ಗೆರೆ ಹೋಗಬೇಕಾದ ಕಡೆ ಹೋಗಲಿಲ್ಲ. ಸಣ್ಣಗೆ ಗರಗಸ. ಬೆಂಚು ಅಲ್ಲಾಡುತ್ತಿದೆ ಅಂದೆ. ಕಾಲಿಗೆ ರಟ್ಟು ಕೊಟ್ಟ. ಮತ್ತೆ ಬರೆದೆ. ಮತ್ತೆ ಗರಗಸ.

“ಯಾಕ್ ಸಾರ್, ಇವತ್ತು ಕೋಳಿಗಿಂತ ನೀವೇ ಜಾಸ್ತಿ ಒದ್ದಾಡ್ತಿದೀರಿ?”

“ಚಳಿ,” ಅಂದೆ.

ಬೆವರು ಒರೆಸಿಕೊಳ್ಳುತ್ತ ಅವನು ನನ್ನನ್ನೇ ನೋಡಿದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಹಾಳೆಯನ್ನು ಮುದುರಿ, ಮನೆಗೆ ಬಂದು ಅಕ್ಕನ ಹೊಲಿಗೆ ಮಷೀನಿನ ಕೆಳಗಿನ ಚಿಂದಿ ಬುಟ್ಟಿಗೆ ಹಾಕಿದೆ.

ಮಾರ್ಚ್ 10

ಕೈಯ ವಿಷಯ ಇಲ್ಲಿ ಬರೆಯುವುದಿಲ್ಲ.

ಮಾರ್ಚ್ 14

ಇಂದಿನ ಸಾಮಾನು: ಬೆಳ್ಳುಳ್ಳಿ. ಮೂರು ಹಾಳೆ ಹಾಳು. ಬೆಳ್ಳುಳ್ಳಿ ಬರೆಯಲಾರದವನು ಡ್ರ್ಯಾಗನ್ ಬರೆಯುತ್ತಾನಂತೆ.

ಸಂಜೆ ನಮ್ಮ ಬೀದಿಯ ಅಂಗಡಿ ಬಿಟ್ಟು, ಎರಡು ಬೀದಿ ಆಚೆ, ಶಾಲೆಯ ಎದುರಿನ ಸ್ಟೇಷನರಿ ಅಂಗಡಿಗೆ ಹೋದೆ. ಟೋಪಿ ಹಾಕಿಕೊಂಡು. ಕಳ್ಳತನಕ್ಕೆ ಹೋಗುವವನೂ ಅಷ್ಟು ಹೆದರುವುದಿಲ್ಲ.

“ರಬ್ಬರಿದೆಯಾ?”

ಅಂಗಡಿಯ ಹೆಂಗಸು ಡಬ್ಬಿ ಇಳಿಸಿದಳು. “ಮೊಮ್ಮಗನಿಗಾ?”

“ಹೂಂ.”

“ಎಷ್ಟನೇ ಕ್ಲಾಸು?”

“ಫೇಲಾಗಿದಾನೆ.”

“ಅಯ್ಯೋ ಪಾಪ. ಇದು ತಗೊಳ್ಳಿ, ಮಕ್ಕಳಿಗೆ ಇಷ್ಟ.”

ಬಿಳಿ ರಬ್ಬರು ಖಾಲಿಯಂತೆ. ಇದ್ದದ್ದು ಹಣ್ಣಿನಾಕಾರದ್ದು ಮಾತ್ರ. ಸ್ಟ್ರಾಬೆರಿ. ಗುಲಾಬಿ ಬಣ್ಣ, ಹಸಿರು ತೊಟ್ಟು, ಮೂಗಿಗೆ ಬಡಿಯುವ ವಾಸನೆ. ಜೀವಮಾನದ ಮೊದಲ ರಬ್ಬರು. ಒಬ್ಬ ಗಂಡಸಿನ ಆಣೆ ಮುರಿಯುವುದಕ್ಕೆ ಮಿಠಾಯಿಯಂಥದ್ದು ಒಂದು ಸಾಕಾಯಿತು.

ಮಾರ್ಚ್ 20

ಅಳಿಸಿದೆ. ಬರೆದೆ. ಅಳಿಸಿದೆ. ಕಾಗದದ ತೊಗಲು ಸುಲಿದು ಬಂತು.

ಕಡ್ಡಿ ಹೊರಗೆ ಹೋದಾಗ ಮಾತ್ರ ಕೆಲಸ. ಅವಳು ಮೆಟ್ಟಿಲು ಹತ್ತುವ ಸದ್ದು ಬಂದರೆ ರಬ್ಬರು ಜೇಬಿಗೆ, ಪುಡಿ ಕಿಟಕಿಯಿಂದ ಹೊರಗೆ. ಅದೇ ಕಿಟಕಿ.

ಅಕ್ಕ ಬಟ್ಟೆ ಒಣಹಾಕಲು ಬಂದವಳು ಮೂಗು ಅರಳಿಸಿದಳು.

“ಏನೋ ಇದು, ನಿನ್ನ ರೂಮಲ್ಲಿ ಹಣ್ಣಿನ ವಾಸನೆ? ತಿಂದು ಸಿಪ್ಪೆ ಮಂಚದ ಕೆಳಗೆ ಎಸೆದಿದೀಯಾ? ಇಲಿ ಬರತ್ತೆ.”

“ಅತ್ತರು ಅಕ್ಕಾ.”

“ಯಾರಿಗೆ ತೋರ್ಸೋಕೆ?”

ಎದುರು ಮೇಜಿನಲ್ಲಿ ಕಡ್ಡಿ ತಲೆ ಎತ್ತಲಿಲ್ಲ. ಬೇರೆ ದಿನವಾಗಿದ್ದರೆ ಒಂದು ಮಾತು ಒಗೆಯುತ್ತಿದ್ದಳು. ಒಗೆಯಲಿಲ್ಲ. ಅದು ನನಗೆ ಸರಿ ಕಾಣಲಿಲ್ಲ.

ಮಾರ್ಚ್ 28

ಪ್ರಕಾಶನದ ಕಚೇರಿಗೆ ಹೋಗಿ ಕರಡು ಮುಖಪುಟ ಕೊಟ್ಟೆ. ಸಂಪಾದಕ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ. ಈ ಮನುಷ್ಯ ಮೊದಲ ಭಾಗದ ಚಿತ್ರ ಕಂಡಾಗ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುನಿಂತಿದ್ದ. ಇವತ್ತು ಕೂತೇ ಇದ್ದ.

“ತುಂಬಾ... ಮೃದುವಾಗಿದೆ,” ಅಂದ.

“ಸಾಯ್ತಾ ಇದೆಯಲ್ಲ.”

“ಹೌದೌದು. ಆದ್ರೂ... ನಿದ್ದೆ ಮಾಡ್ತಿರೋ ಹಾಗಿದೆ, ಅಲ್ವಾ? ಕಷ್ಟಪಟ್ಟಿದೀರಿ ಅಂತ ಗೊತ್ತಾಗತ್ತೆ.”

ಕಷ್ಟಪಟ್ಟದ್ದು ಗೊತ್ತಾಗಬಾರದು. ಆ ಮಾತನ್ನು ಅವನಿಗೆ ಹೇಳಿಕೊಟ್ಟವನೇ ನಾನು.

ಆಮೇಲೆ ಚಹಾ ತರಿಸಿದ. ಬಿಸ್ಕತ್ತು ತರಿಸಿದ. ಬಿಸ್ಕತ್ತು ಕಂಡಾಗಲೇ ತಿಳಿಯಿತು. “ನೀವು ಪೆನ್ಸಿಲ್‌ನಲ್ಲಿ ಹಾಕಿಕೊಡಿ, ನಿಮ್ಮ ಅಕ್ಕನ ಮಗಳು ಫಿನಿಶ್ ಮಾಡ್ಲಿ. ಮನೇಲೇ ಇದೆಯಲ್ಲ ಪ್ರತಿಭೆ!” ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾವು ಸಾಯಬೇಕಾದ ಪುಸ್ತಕಕ್ಕೆ ಇಂಥ ಸಂಪಾದಕ!

“ನಾನೇ ಹೇಳೋಣ ಅಂತಿದ್ದೆ,” ಅಂದೆ. “ಹುಡುಗಿಗೂ ಒಂದು ಅವಕಾಶ ಆಗ್ಲಿ.” ಎದೆ ಉಬ್ಬಿಸಿ ಹೊರಗೆ ಬಂದೆ. ಲಿಫ್ಟಿನ ಕನ್ನಡಿಯಲ್ಲಿ ನೋಡಿಕೊಂಡೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ.

ಸಂಪಾದಕನಿಗೆ ಯಾವ ಕೊಂಬು ಅಂತ ಬಸ್ಸಿನಲ್ಲಿ ಯೋಚಿಸಿದೆ. ಟಗರಿನದು? ಬೇಡ, ಟಗರಿಗೆ ಧೈರ್ಯವಿರುತ್ತದೆ. ಬಸವನಹುಳುವಿನದು.

ಏಪ್ರಿಲ್ 17

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ.

ಪೆನ್ಸಿಲ್ ಕರಡುಗಳನ್ನು ಕಡ್ಡಿಯ ಮೇಜಿನ ಮೇಲೆ ಇಟ್ಟಿದ್ದೆ, ದಿನಕ್ಕೊಂದರ ಹಾಗೆ. ಯಾವುದನ್ನೂ ಮುಟ್ಟಿರಲಿಲ್ಲ ಅವಳು. ಎಲ್ಲಾ ಹಾಗೇ, ಒಂದರ ಮೇಲೊಂದು, ಅಂಚು ಸರಿಮಾಡಿ ಇಟ್ಟಿದ್ದಾಳೆ. ಅವಳ ಪರದೆಯ ಮೇಲೆ ಬೇರೆಯದೇ ಡ್ರ್ಯಾಗನ್. ನಾನು ಬಂದದ್ದು ಕಂಡು ಪರದೆ ಆರಿಸಿದಳು.

“ಅದೇನದು?”

“ಮುಖಪುಟ.”

“ನನ್ನದರ ಮೇಲೆ ತಾನೇ ನೀನು ಮಾಡಬೇಕಾದ್ದು?”

ಕರಡುಗಳ ಅಂಚನ್ನು ಇನ್ನೊಮ್ಮೆ ಸರಿಮಾಡಿದಳು. ಆಮೇಲೆ ಹೇಳಿದಳು. “ಪೂರ್ತಿ ನೀನೇ ಮಾಡು ಅಂತ ಸಂಪಾದಕರು ಫೆಬ್ರವರಿಯಲ್ಲೇ ಕೇಳಿದ್ರು ಮಾಮಾ. ಬೇಡ ಅಂದೆ. ಮತ್ತೆ ಕೇಳಿದ್ರು.”

“ಮತ್ತೆ?”

“ಮತ್ತೆ ಬೇಡ ಅನ್ನಲಿಲ್ಲ.”

ಫೆಬ್ರವರಿ! ಹಸ್ತಪ್ರತಿ ನನ್ನ ಕೈ ಸೇರುವುದಕ್ಕೆ ಮುಂಚೆಯೇ. ಅಂದರೆ ಆ ಬಿಸ್ಕತ್ತು ಹಳೆಯದು.

ಬಾಯಿಗೆ ಬಂದದ್ದು ಅಂದೆ. ನನ್ನ ಮೇಜಿನ ಕೆಳಗೆ ಬೆಳೆದ ಹಾವು ಅಂದೆ. ನನ್ನ ಕಣ್ಣು ಕದ್ದೆ, ನನ್ನ ಜಗಳ ಕದ್ದೆ, ಈಗ ನನ್ನ ಡ್ರ್ಯಾಗನ್ನೂ ಬೇಕಾಯಿತೇ ಅಂದೆ. “ಗುಂಡಿ ಒತ್ತಿ ಅಳಿಸೋಳು ನೀನು! ಒಂದು ಗೆರೆ, ಒಂದೇ ಒಂದು ಗೆರೆ ಅಳಿಸದೆ ಎಳೆದಿದೀಯಾ? ಈ ಕೈ ನೋಡು. ಇದು ರಬ್ಬರು ಮುಟ್ಟಿಲ್ಲ!”

ಕೈ ಎತ್ತಿ ತೋರಿಸಿದೆ. ಅವಳು ನೋಡಿದ್ದು ಕೈಯನ್ನಲ್ಲ, ತೋಳನ್ನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನೂ ನೋಡಿಕೊಂಡೆ. ಅಂಗಿಯ ತೋಳಿನ ಮಡಿಕೆಯಲ್ಲಿ ಗುಲಾಬಿ ಪುಡಿ.

ಅವಳು ಎದ್ದು ಬಂದು ಅದನ್ನು ಬೆರಳಿನಿಂದ ಝಾಡಿಸಿದಳು. ಅಮ್ಮ ಮಗುವಿನ ಅಂಗಿ ಝಾಡಿಸುವ ಹಾಗೆ. ಹೋಗಿ ಕೂತು ಕೆಲಸ ಮುಂದುವರಿಸಿದಳು.

ಬೈದಿದ್ದರೆ ಬೈಗುಳಕ್ಕೆ ಜವಾಬು ಇತ್ತು ನನ್ನ ಹತ್ತಿರ.

ಏಪ್ರಿಲ್ 19, ಬೆಳಿಗ್ಗೆ

ಕಾಫಿ ಬೇಡವೆಂದೆ. ಅಡುಗೆಮನೆಗೆ ಹೋಗಲಿಲ್ಲ. ಇವತ್ತಿನ ಸಾಮಾನು ಕಡ್ಡಿಯೇ. ಇಷ್ಟು ವರ್ಷ ಅವಳೊಬ್ಬಳಿಗೆ ಕೊಂಬು ಬರೆದಿರಲಿಲ್ಲ. ಇವತ್ತು ಬರೆಯುತ್ತೇನೆ ಅಂತ ಕೂತೆ. ಜಿಂಕೆಯದಲ್ಲ, ಕಾಡೆಮ್ಮೆಯದು.

ಮೂಗಿನಿಂದ ಶುರು ಮಾಡಿದೆ. ಅವಳ ಮೂಗು ಅಕ್ಕನದು. ಅಕ್ಕನದು ನಮ್ಮ ಅಮ್ಮನದು. ಅಮ್ಮನದು ನನ್ನ ಮುಖದ ಮೇಲೂ ಇದೆ. ಬರೆಯುತ್ತ ಹೋದ ಹಾಗೆ ಅದರ ಕೆಳಗೆ ಮೀಸೆಗೆ ಜಾಗ ತಾನಾಗಿ ಬಿಟ್ಟುಕೊಂಡಿತು. ಕೊಂಬು ಹಾಕುವ ಹೊತ್ತಿಗೆ ಯಾರ ತಲೆ ಅಂತ ನನಗೇ ಗೊತ್ತಾಯಿತು.

ಹರಿದೆ.

ಮೇ 2

ಅಕ್ಕ ಸಂಧಾನಕ್ಕೆ ಬಂದಳು, ಕತ್ತರಿ ಕೈಯಲ್ಲಿ ಹಿಡಿದುಕೊಂಡೇ.

“ಅವಳು ನಿನ್ನ ಅನ್ನ ಕಿತ್ಕೊಂಡಿಲ್ಲ ಕಣೋ.”

“ಅನ್ನ ಯಾರಿಗೆ ಬೇಕು?”

“ಮತ್ತೇನು ಬೇಕು?”

ಆ ಮೃಗಕ್ಕೆ ಕಣ್ಣು ಕೊಟ್ಟವನು ನಾನು, ಮುಚ್ಚುವವನೂ ನಾನಾಗಬೇಕಿತ್ತು. ಕಿಟಕಿ ಪರದೆ ಹೊಲಿಯುವವಳಿಗೆ ಇದನ್ನು ಹೇಗೆ ಹೇಳುವುದು?

“ನಾನೂ ಈಗ ಸೂಜಿಗೆ ದಾರ ಅವಳ ಹತ್ರಾನೇ ಪೋಣಿಸಿಕೊಳ್ಳೋದು,” ಅಂದಳು ಅಕ್ಕ. “ಅದಕ್ಕೇನು ಹೊಲಿಗೆ ಅವಳದಾಯ್ತಾ?”

ನನ್ನ ಗುಟ್ಟು ಅಕ್ಕನಿಗೆ ಯಾರು ಹೇಳಿದರು? ಕಡ್ಡಿಯೇ? ಅಥವಾ ಮನೆಗೆಲ್ಲ ಗೊತ್ತಿತ್ತೇ — ವಾಸನೆ ಬಂದ ದಿನದಿಂದಲೇ?

ಮೇ 23, ಸಂಜೆ

ಮುಖಪುಟದ ಅಚ್ಚಿನ ಮಾದರಿ ಬಂದಿದೆ. ಅಕ್ಕ ಊಟದ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಲೋಟ ಇಟ್ಟು ಹೋಗಿದ್ದಳು. ನೋಡುವುದಿಲ್ಲ ಅಂತಲೇ ಇಳಿದು ಬಂದೆ. ನೀರು ಕುಡಿಯಬೇಕಿತ್ತು. ಲೋಟಗಳೆಲ್ಲ ಅಲ್ಲೇ ಇದ್ದವು.

ಮನೆಯಲ್ಲಿ ಯಾರೂ ಇರಲಿಲ್ಲ. ಭೂತಗನ್ನಡಿ ತಂದೆ.

ಮೊದಲು ಹುಡುಕಿದ್ದು ನನ್ನನ್ನೇ. ಯಾಕೆ ಸುಳ್ಳು ಹೇಳಲಿ. ಡ್ರ್ಯಾಗನ್ ಸುತ್ತ ಭೂತಸೈನ್ಯ ನಿಂತಿದೆ, ಸಾವು ನೋಡಲು. ಅವಳು ನನ್ನ ಶಿಷ್ಯೆ. ಜಗಳವಾಡಿದವನಿಗೆ ಕೊಂಬು ಬಂದಿರಲೇಬೇಕು. ಒಂದೊಂದೇ ಮುಖ ನೋಡಿದೆ. ಸಂಪಾದಕ ಸಿಕ್ಕಿದ — ಬಸವನಹುಳು! ನನ್ನ ಯೋಚನೆ ಅವಳಿಗೆ ಹೇಗೆ ಬಂತು, ನಾನು ಹೇಳಿರಲಿಲ್ಲ. ಅವಳ ಹಳೆಯ ಕಂಪನಿಯ ಬಾಸ್ ಸಿಕ್ಕಿದ. ಅಕ್ಕ ಕೂಡ ಇದ್ದಾಳೆ, ಕತ್ತರಿ ಬಾಯಿಯ ಹದ್ದು. ನಾನಿಲ್ಲ.

ಎರಡು ಸಲ ನೋಡಿದೆ. ಬಂಡೆಗಳ ಸಂದಿಯಲ್ಲಿ, ಮೋಡದಲ್ಲಿ, ಎಲ್ಲೂ ಇಲ್ಲ. ಅಷ್ಟು ಬೈದೆನಲ್ಲ — ಒಂದು ಮೋಟು ಕೊಂಬಿಗೂ ಲಾಯಕ್ಕಿಲ್ಲವೇ ನಾನು?

ಆಮೇಲೆ ಡ್ರ್ಯಾಗನ್ ನೋಡಿದೆ. ಅಲ್ಲಿಯವರೆಗೆ ನೋಡಿರಲಿಲ್ಲ.

ಬಲಗಾಲು ಹಿಂದೆ ಎಳೆದಿದೆ. ಕುತ್ತಿಗೆ ಇನ್ನೂ ಎತ್ತಿಕೊಂಡೇ ಇದೆ. ರೆಪ್ಪೆ ಕೆಳಗಿನಿಂದ ಮೇಲಕ್ಕೆ ಏರುತ್ತಿದೆ.

ಅದನ್ನು ಕಂಡವನು ನಾನು. ನಾನು ಮತ್ತು ಕಸಾಯಿಯವನು.

ಗೆರೆಗೆ ಭೂತಗನ್ನಡಿ ಹಿಡಿದೆ. ಕಣ್ಣಿನ ಸುತ್ತ, ದವಡೆಯ ಉದ್ದಕ್ಕೂ, ಕುತ್ತಿಗೆ ಮುಗಿಯುವ ತನಕ — ಸಣ್ಣಗೆ ಗರಗಸ. ನಡುಗುತ್ತದೆ. ಮೃಗ ಕೊನೆಯ ಉಸಿರು ಎಳೆಯುವುದು ಕೇಳಿಸುತ್ತದೆ. ನಕಲು ಮಾಡಿದ ನಡುಕ ಅಲ್ಲ ಅದು. ನಡುಕಕ್ಕೆ ತಾಳವಿರುವುದಿಲ್ಲ, ನಕಲಿಗೆ ಇರುತ್ತದೆ. ನಾನು ಚಿಂದಿ ಬುಟ್ಟಿಗೆ ಹಾಕಿದ್ದ ಹಾಳೆಯದೇ ಗೆರೆ, ಕಡ್ಡಿ ಎತ್ತಿಕೊಂಡಿದ್ದಾಳೆ. ಮುದುರಿದ ಮಡಿಕೆಗಳೂ ಹಾಗೇ ಉಳಿದಿವೆ, ಚರ್ಮದ ಸುಕ್ಕಾಗಿ. ಒಂದು ಗೆರೆಯನ್ನೂ ಅಳಿಸಿಲ್ಲ, ತಿದ್ದಿಲ್ಲ.

ಮುಖ ಹುಡುಕುತ್ತಿದ್ದವನಿಗೆ ಕೈ ಸಿಕ್ಕಿತು.

ನಾನು ಮಾಡಿದ್ದರಲ್ಲೆಲ್ಲ ಅದೇ ಒಳ್ಳೆಯದು. ಅದನ್ನೇ ಚಿಂದಿಗೆ ಹಾಕಿದೆ. ಆಮೇಲೆ ಎರಡು ವಾರ ಕೂತು ಸ್ಟ್ರಾಬೆರಿಯಿಂದ ಉಜ್ಜಿದೆ, ಉಜ್ಜಿದೆ. ಡ್ರ್ಯಾಗನ್ ನಿದ್ದೆ ಹೋಗುವ ತನಕ.

ಮೇ 24

ಮಧ್ಯಾಹ್ನ ಊಟದ ಹೊತ್ತಿಗೆ ಸಂಪಾದಕನ ಫೋನ್. ಕಡ್ಡಿಯ ಕೈ ಎಂಜಲಾಗಿತ್ತು, ಸ್ಪೀಕರಿಗೆ ಹಾಕಿದಳು.

“ಏನಮ್ಮಾ ಇದು! ಆಫೀಸಲ್ಲಿ ಎಲ್ಲಾ ನಿಂತ್ಕೊಂಡು ನೋಡ್ತಿದಾರೆ!”

ನಿಂತಿದ್ದಾರಂತೆ.

“ಆ ಗೆರೆ... ಆ ನಡುಗೋ ಗೆರೆ. ಎಲ್ಲಿಂದ ಬಂತು ಅದು? ನಿಮ್ಮ ಮಾಮನ ಗೆರೆ ಕಬ್ಬಿಣದ ಹಾಗಿತ್ತು. ಇದೇ ಬೇರೆ. ನಿಂದೇ ಇದು.”

ಕಡ್ಡಿ ಫೋನಿನ ಮೇಲೆ ಎಡಗೈ ಮುಚ್ಚಿದಳು. ನನ್ನ ಕಡೆ ನೋಡಿದಳು.

“ಹೇಳ್ಲಾ ಮಾಮಾ? ಇಬ್ಬರ ಹೆಸರೂ ಹಾಕಿಸ್ತೀನಿ. ಇನ್ನೂ ಅಚ್ಚಾಗಿಲ್ಲ.”

ಅಕ್ಕ ತುತ್ತು ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

ಹೇಳು ಅನ್ನಬಹುದಿತ್ತು. ಕ್ಷೌರಿಕನ ಗೋಡೆಗೆ ಇನ್ನೊಂದು ಕಟ್ಟು ಬರುತ್ತಿತ್ತು. ಬೀದಿ ತುಂಬ ಹೇಳಿಕೊಂಡು ತಿರುಗಬಹುದಿತ್ತು. ಇಲ್ಲದ ಹುಲಿ ಹೊಡೆದದ್ದನ್ನೂ ಹೇಳಿಕೊಂಡವನು ನಾನು. ಆದರೆ ಹೇಳಿಕೊಳ್ಳುವುದು ಏನನ್ನು? ನನ್ನ ಕೈ ನಡುಗುತ್ತದೆ ಅಂತಲೇ?

“ನನ್ನ ಗೆರೆ ನಡುಗಲ್ಲ,” ಅಂದೆ. “ಅದು ನಿಂದು.”

“ಮಾಮಾ.”

“ನಿಂದು ಅಂದೆನಲ್ಲ.”

ಅವಳು ಕೈ ತೆಗೆದಳು. “ಹೂಂ ಸರ್... ನಂದೇ.”

ಅಕ್ಕ ತುತ್ತನ್ನು ತಟ್ಟೆಗೆ ಹಾಕಿ ಎದ್ದಳು. ನಾನು ಪೂರ್ತಿ ಉಂಡೆ. ಎರಡನೆಯ ಸಲ ಬಡಿಸಿಕೊಂಡೆ ಕೂಡ, ಹಸಿವಿದ್ದವನ ಹಾಗೆ.

ಮೇ 30

ಪುಸ್ತಕ ಅಚ್ಚಿಗೆ ಹೋಯಿತಂತೆ. ಚಿತ್ರಕ್ಕೆ ಒಬ್ಬಳದೇ ಹೆಸರು.

ಕ್ಷೌರಿಕ ಕೇಳಿದ, “ಏಳನೇದು ಯಾವಾಗ ಸಾರ್? ನಿಮ್ಮ ಡ್ರ್ಯಾಗನ್ ಸಾಯತ್ತಂತೆ, ಹೌದಾ?” ಹೌದು ಅಂದೆ. “ಚೆನ್ನಾಗಿ ಸಾಯತ್ತಾ?” ಅಂದ. ತುಂಬಾ ಚೆನ್ನಾಗಿ ಸಾಯತ್ತೆ, ಅಂದೆ. ಇಷ್ಟು ವರ್ಷಗಳಲ್ಲಿ ಆ ಕುರ್ಚಿಯಲ್ಲಿ ಕೂತು ಹೇಳಿದ ಒಂದೇ ನಿಜ ಅದಿರಬೇಕು.

ಮೇ 31, ಬೆಳಿಗ್ಗೆ

ಅಡುಗೆಮನೆಗೆ ಹೋಗಲಿಲ್ಲ. ಜೇಬಿನಲ್ಲೇ ಸಾಮಾನಿತ್ತು. ಕಿಟಕಿಯ ಹತ್ತಿರ ಇಟ್ಟೆ. ತೊಟ್ಟು ಸವೆದಿದೆ, ಒಂದು ಪಕ್ಕ ಪೂರ್ತಿ ಕರಗಿ ಕಪ್ಪಾಗಿದೆ, ಮಧ್ಯದಲ್ಲಿ ಸೀಳು. ಹಣ್ಣಿನ ಆಕಾರ ಹೋಗಿ ಬೇರೇನೋ ಆಗಿದೆ. ಯಾವುದೋ ದೊಡ್ಡ ಮೃಗದ ಹೃದಯ ಅನ್ನಬಹುದು, ತೆಗೆದು ಹೊರಗಿಟ್ಟದ್ದು. ವಾಸನೆ ಮಾತ್ರ ಹೋಗಿಲ್ಲ ದರಿದ್ರದ್ದು.

ಪೆನ್ಸಿಲ್ ಇಟ್ಟೆ. ನಡುಗಿತು. ಎತ್ತಲಿಲ್ಲ. ಸೀಳಿನ ತನಕ ಬಂತು, ತಾನೇ ದಾರಿ ಮಾಡಿಕೊಂಡು ಇಳಿಯಿತು. ಇನ್ನೂ ಅರ್ಧವಿದೆ. ಸುಳ್ಳೇಕೆ, ಬರುತ್ತಿದೆ...

ಮೆಟ್ಟಿಲ ಮೇಲೆ ಸದ್ದು. ಕಡ್ಡಿಯದು, ಕಾಫಿ ಹಿಡಿದಿದ್ದಾಳೆ, ತಟ್ಟೆ ಕಿಣಿಕಿಣಿ ಅನ್ನುತ್ತಿದೆ. ಹಾಳೆ ಬೋರಲು ಹಾಕಲೋ, ಇಲ್ಲ ಹೀಗೇ ಕಾಣುವಂತೆ ಬಿಡಲೋ...